‘ಲೋಕಲ್’ ಎಂಬ ಗುಣವಾಚಕ ಮತ್ತು ನಮ್ಮ ಹಿತ್ತಲ ಗಿಡ

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಬಂಧುಗಳ ಮನೆಯಲ್ಲಿ ಹದಿನೈದು ದಿನ ಇದ್ದು ಬಂದ ನನ್ನ ಮೊಮ್ಮಗಳು, ಕೋಯಮತ್ತೂರಿಗೆ ಮರಳಿದ ಮೇಲೆ ಮನೆಯಲ್ಲಿ ಕನ್ನಡ ಆಡುವುದನ್ನೇ ಕಡಿಮೆ ಮಾಡಿದಳು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಕಾರಣ ಕೇಳಿದೆ. “ನಮ್ಮ ಕನ್ನಡ ರೊಂಬ ಲೋಕಲ್ ಅಂತೆ ತಾತ. ಅಲ್ಲಿ ಎಲ್ಲರೂ ನಗುತ್ತಾರೆ” ಎಂದಳು. ಮೂರು ದಶಕಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಮಾತಿಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

‘ಲೋಕಲ್’ ಎಂಬ ಇಂಗ್ಲಿಷ್ ಗುಣವಾಚಕದ ಮೂಲ, ಸ್ಥಳ ಎಂಬರ್ಥದ ಲ್ಯಾಟಿನ್ ಪದ ‘ಲೋಕಸ್’. ಒಂದು ಸ್ಥಳಕ್ಕೆ ಸೇರಿದ್ದು, ಅಲ್ಲಿಗೆ ಸೀಮಿತವಾದದ್ದು ಎಂಬುದಷ್ಟೇ ಅದರ ಅರ್ಥ. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಊರ ತೇರಿನ ದಿನ ಜಿಲ್ಲಾಧಿಕಾರಿಗಳು ಸಾರುವ ‘ಲೋಕಲ್ ಹಾಲಿಡೇ’ ಮಕ್ಕಳಿಗೆ ಹಬ್ಬ. ಹಲ್ಲು ಕೀಳುವ ಮುನ್ನ ವೈದ್ಯರು ಕೊಡುವ ‘ಲೋಕಲ್’ ಚುಚ್ಚುಮದ್ದು ಆ ಒಂದು ಜಾಗವನ್ನು ಮಾತ್ರ ಜೋಮು ಹಿಡಿಸುತ್ತದೆ. ಮುಂಬಯಿಯ ಲೋಕಲ್ ಟ್ರೇನು ನಿಂತರೆ ಆ ಮಹಾನಗರವೇ ನಿಂತಂತೆ. ಈ ಯಾವ ಪ್ರಯೋಗದಲ್ಲಿಯೂ ಕೀಳೆಂಬ ಛಾಯೆ ಇಲ್ಲ.

ಆ ಛಾಯೆ ಎಲ್ಲಿಂದ ಬಂತು? ನಮ್ಮ ಭಾಗದ ಮಟ್ಟಿಗೆ ಉತ್ತರ ಅಂಗಡಿ ಬೀದಿಯಲ್ಲಿದೆ. ತಿರುಪ್ಪೂರಿನ ಬನಿಯನ್ ವ್ಯಾಪಾರದಲ್ಲಿ ಸರಕು ಎರಡು ಬಗೆ: ‘ಎಕ್ಸ್‌ಪೋರ್ಟ್’ ಮತ್ತು ‘ಲೋಕಲ್’. ಖಾದರ್‌ಪೇಟೆಯ ಅಂಗಡಿಗಳಲ್ಲಿ ಗಿರಾಕಿ ಮೊದಲು ಕೇಳುವುದೇ “ಎಕ್ಸ್‌ಪೋರ್ಟ್ ಪೀಸಾ, ಲೋಕಲ್ಲಾ?” ಎಂದು. ಎರಡನ್ನೂ ಹೊಲಿದದ್ದು ಇದೇ ಊರಿನ ಕೈಗಳು. ನೂಲೂ ಬಣ್ಣವೂ ಬಹುಪಾಲು ಈ ಸುತ್ತಿನವೇ. ಪರದೇಶಕ್ಕೆ ಹೋಗಬೇಕಾಗಿ ಉಳಿದುಹೋದ ಅಂಗಿಗೆ ಮಾನ. ನಮಗಾಗಿಯೇ ಹೊಲಿದ ಅಂಗಿಗೆ ಅನುಮಾನ. ಕೋಯಮತ್ತೂರಿನ ಮೋಟಾರು ಪಂಪಿನ ಅಂಗಡಿಗೆ ಹೋದರೂ ಇದೇ ಪ್ರಶ್ನೆ: “ಕಂಪನಿ ಪಾರ್ಟಾ, ಲೋಕಲ್ಲಾ?” ಹೀಗೆ ‘ಎಲ್ಲಿಯದು’ ಎಂದು ಹೇಳಬೇಕಾದ ಪದ ‘ಎಂಥದು’ ಎಂದು ಹೇಳತೊಡಗಿತು. ಅಲ್ಲಿಂದ ಅದು ಸರಕನ್ನು ಬಿಟ್ಟು ಮನುಷ್ಯರ ಮೇಲೆ ಕುಳಿತಿತು: “ಅವನು ಪಕ್ಕಾ ಲೋಕಲ್”, “ಲೋಕಲ್ಲಾಗಿ ಮಾತಾಡಬೇಡ.” ಕೊನೆಗೆ ಅಜ್ಜಿಯ ನಾಲಗೆಯ ಮೇಲೂ ಬಂದು ಕುಳಿತಿದೆ.

ತಪ್ಪನ್ನೆಲ್ಲ ಇಂಗ್ಲಿಷಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮದೇ. ಗ್ರಾಮಕ್ಕೆ ಸೇರಿದ್ದು ಎಂಬರ್ಥದ ‘ಗ್ರಾಮ್ಯ’ವನ್ನು ಕಾವ್ಯದೋಷಗಳ ಪಟ್ಟಿಗೆ ಸೇರಿಸಿದವರೂ ನಮ್ಮ ಹಿಂದಿನವರೇ. ಆದರೆ ಕನ್ನಡದಲ್ಲಿ ಇದಕ್ಕೆ ಎದುರಾದ ಇನ್ನೊಂದು ಪದವೂ ಇದೆ: ‘ದೇಸಿ’. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ‘ಕನ್ನಡಂಗಳ್’ ಎಂದು ಬಹುವಚನದಲ್ಲಿಯೇ ಹೇಳುತ್ತದೆ. ದೇಸಿಯು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿರ್ಣಯಿಸಲು ವಾಸುಕಿಗೂ ಸಾಧ್ಯವಾಗದು ಎಂಬುದು ಅದರ ಅಭಿಪ್ರಾಯ. ಅದೇ ಗ್ರಂಥ ಕನ್ನಡನಾಡಿನ ತೆಂಕಣ ಎಲ್ಲೆಯೆಂದು ಕಾವೇರಿಯನ್ನು ಹೇಳಿತು. ನಾವಿರುವುದು ಕಾವೇರಿಯಿಂದ ಇನ್ನೂ ತೆಂಕಕ್ಕೆ. ಎಲ್ಲೆಯ ಒಳಗೇ ಹಲವು ಕನ್ನಡಗಳಿದ್ದರೆ, ಎಲ್ಲೆಯಾಚೆ ಶತಮಾನಗಳಿಂದ ಬಾಳಿದವರ ಕನ್ನಡ ಮತ್ತೊಂದು ಬಗೆಯಾದುದರಲ್ಲಿ ಅಚ್ಚರಿಯೇನು? ಹತ್ತನೆಯ ಶತಮಾನದ ಪಂಪನಿಗಂತೂ ಮಾರ್ಗ ಮತ್ತು ದೇಸಿ ಎರಡೂ ಕೂಡಿದಾಗಲೇ ಕಾವ್ಯ. ಅಂದಿನ ‘ದೇಸಿ’ಯ ಇಂದಿನ ಇಂಗ್ಲಿಷ್ ರೂಪವೇ ‘ಲೋಕಲ್’ ಎಂದರೆ ತಪ್ಪಾಗಲಾರದು.

ಹಳೆಯ ಮಾತು ಬಿಡಿ, ಇಂದಿನ ಕಾನೂನನ್ನೇ ನೋಡೋಣ. ಊರಿನ ಹೆಸರಿನೊಡನೆ ಹುಟ್ಟಿದ ಸರಕಿಗೆ ರಕ್ಷಣೆ ಕೊಡಲು 1999ರಲ್ಲಿ ನಮ್ಮ ದೇಶ ಭೌಗೋಳಿಕ ಸೂಚಕಗಳ ಕಾಯಿದೆಯನ್ನು ಮಾಡಿತು. ಕೋಯಮತ್ತೂರಿನ ವೆಟ್ ಗ್ರೈಂಡರ್ ಆ ಪಟ್ಟಿಯಲ್ಲಿದೆ. ಕೋವೈ ಕೋರಾ ಸೀರೆ ಇದೆ. ಪೊಳ್ಳಾಚಿ ಬಳಿಯ ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಆ ಮನ್ನಣೆ ದೊರೆಯಿತು. ಇದರ ಅರ್ಥ ಸ್ಪಷ್ಟ: ಈ ಸೀರೆ ಆ ಊರಿನದು, ಆದುದರಿಂದಲೇ ಶ್ರೇಷ್ಠ. ಆ ಮಗ್ಗಗಳ ಮುಂದೆ ಕುಳಿತವರಲ್ಲಿ ಕನ್ನಡ ಮನೆಮಾತಿನ ದೇವಾಂಗ ಬಂಧುಗಳು ಅನೇಕರು. ಹಾಸು, ಹೊಕ್ಕು, ಲಾಳಿ ಎನ್ನುತ್ತಲೇ ಅವರು ನೇಯ್ದದ್ದು. ಸೀರೆ ಲೋಕಲ್ ಆದರೆ ಹೆಮ್ಮೆ, ಸೀರೆ ನೇಯುವಾಗ ಆಡಿದ ಮಾತು ಲೋಕಲ್ ಆದರೆ ನಾಚಿಕೆ. ಇದೆಂಥ ತರ್ಕ?

ನಮ್ಮ ಕನ್ನಡದಲ್ಲಿ ಕೊರತೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಓದು ತಮಿಳಿನಲ್ಲಿ, ಉದ್ಯೋಗ ಇಂಗ್ಲಿಷಿನಲ್ಲಿ. ಅಡುಗೆಮನೆ, ಮಗ್ಗದಮನೆ, ಮದುವೆಮನೆಗಳಲ್ಲಿ ಮಾತ್ರ ಕನ್ನಡ ಉಳಿದಿದೆ. ನಮ್ಮ ಮಕ್ಕಳಲ್ಲಿ ಅಕ್ಷರ ಬಲ್ಲವರು ಕಡಿಮೆ. ಇದನ್ನು ತಿದ್ದಬೇಕು, ಬರಹದ ಕನ್ನಡವನ್ನೂ ಕಲಿಸಬೇಕು. ಆದರೆ ಕಲಿಸಿ ತುಂಬುವ ಕೊರತೆ ಬೇರೆ, ನಕ್ಕು ಬಾಯಿ ಮುಚ್ಚಿಸುವ ಕೊರತೆ ಬೇರೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಮ್ಮ ನೆರೆಯ ಚಾಮರಾಜನಗರ, ನಂಜನಗೂಡು ಸೀಮೆಯ ಆಡುನುಡಿಯಲ್ಲಿ ಬಂದ ಕೃತಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮೊದಲ ಓದಿಗೆ ಎಡವಿದವರೂ ಅದನ್ನು ಮರಳಿ ಓದಿದರು. ಲೋಕಲ್ ಎಂದು ಬದಿಗಿಡಲಿಲ್ಲ. ದೂರ ಹೋಗುವುದೇಕೆ, ನಮ್ಮ ನೆರೆಹೊರೆಯ ಕೊಂಗು ತಮಿಳರನ್ನು ನೋಡಿ. ಮಾತುಮಾತಿಗೂ ‘ಙ್ಗ’ ಸೇರಿಸಿ ಗೌರವ ತೋರುವ ತಮ್ಮ ಊರ ತಮಿಳನ್ನು ಅವರು ಚೆನ್ನೈಗೆ ಹೋದರೂ ಬಿಡುವುದಿಲ್ಲ.

ಒಂದು ತಪ್ಪೊಪ್ಪಿಗೆಯೂ ಇಲ್ಲಿ ಬೇಕು. ತರಗತಿಯಲ್ಲಿ ಮಕ್ಕಳು ಮನೆಯ ಮಾತಿನಲ್ಲಿ ಉತ್ತರ ಹೇಳಿದಾಗ, “ಇಲ್ಲಿ ಲೋಕಲ್ ಭಾಷೆ ಬೇಡ” ಎಂದು ನಾನೇ ಎಷ್ಟು ಸಲ ಗದರಿಸಿದ್ದೇನೆ! ಉತ್ತರ ಸರಿಯಿತ್ತೋ ಇಲ್ಲವೋ ಎಂಬುದು ಈಗ ನೆನಪಿಲ್ಲ. ಆ ಮಕ್ಕಳು ತಟ್ಟನೆ ಕುಳಿತುಕೊಂಡದ್ದು ನೆನಪಿದೆ. ಸಂಘದ ಸಭೆಗಳಲ್ಲಿಯೂ ನಾವು ಪುಸ್ತಕದ ಕನ್ನಡ ಬಲ್ಲವರನ್ನಷ್ಟೇ ವೇದಿಕೆಗೆ ಕರೆಯುತ್ತೇವೆ. ಮಗ್ಗದ ಬೀದಿಯ ಹಿರಿಯರು ಕೆಳಗೆ ಕುಳಿತು ಚಪ್ಪಾಳೆ ತಟ್ಟಿ, ಊಟ ಮಾಡಿ ಹೋಗುತ್ತಾರೆ. ಬೆಂಗಳೂರಿನವರು ನಮ್ಮನ್ನು ನೋಡಿ ನಗುವ ಮುಂಚೆಯೇ ನಾವು ನಮ್ಮವರ ಬಾಯಿ ಕಟ್ಟಿದ್ದೇವೆ.

ಪದವನ್ನು ಬಹಿಷ್ಕರಿಸಿ ಫಲವಿಲ್ಲ. ಅದರ ಮೂಲಾರ್ಥವನ್ನು ಮರಳಿಸಿದರೆ ಸಾಕು. ಇನ್ನು ಮುಂದೆ ಯಾರಾದರೂ “ಇದು ಲೋಕಲ್” ಎಂದರೆ “ಯಾವ ಊರಿನದು?” ಎಂದು ಕೇಳೋಣ. ಉತ್ತರವಾಗಿ ಒಂದು ಊರಿನ ಹೆಸರು ಬಂದರೆ ಪದದ ಅರ್ಥ ತಾನಾಗಿಯೇ ನೆಟ್ಟಗಾಗುತ್ತದೆ. ಮೊಮ್ಮಗಳಿಗೂ ಇದನ್ನೇ ಹೇಳಿದ್ದೇನೆ: “ಹೌದಮ್ಮಾ, ನಮ್ಮ ಕನ್ನಡ ಲೋಕಲ್ಲೇ. ಯಾವ ಊರಿನದೆಂದು ಅವರು ಕೇಳಿದರೆ ಹೇಳು, ಅಜ್ಜಿಯ ಊರಿನದು ಎಂದು.” ಮುಂದಿನ ಸಮ್ಮೇಳನದಲ್ಲಿ ಮೊದಲ ಅರ್ಧ ಗಂಟೆಯನ್ನು ಅಂಥ ಅಜ್ಜಿಯರಿಗೆ ಬಿಟ್ಟುಕೊಡಬೇಕೆಂದು ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಮ್ರ ಅರಿಕೆ.