ಮಡಿಕೇರಿ ಕೋಟೆಯ ಅರಮನೆ: ಅವನತಿ, ಜೀರ್ಣೋದ್ಧಾರ ಮತ್ತು ಸ್ಮೃತಿಯ ಪ್ರಶ್ನೆ

ಕೊಡಗಿನ ಇತಿಹಾಸವನ್ನು ಒಂದೇ ಆವರಣದಲ್ಲಿ ಓದಬಹುದಾದ ಸ್ಥಳವೆಂದರೆ ಮಡಿಕೇರಿಯ ಕೋಟೆ. ಹಾಲೇರಿ ವಂಶದ ಮುದ್ದುರಾಜನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಟಿಪ್ಪು ಸುಲ್ತಾನನು ಅದನ್ನು ಕಲ್ಲಿನಲ್ಲಿ ಪುನರ್ನಿರ್ಮಿಸಿ ಜಾಫರಾಬಾದ್ ಎಂದು ಕರೆದನು. 1790ರಲ್ಲಿ ಕೋಟೆಯು ದೊಡ್ಡವೀರರಾಜೇಂದ್ರನ ವಶಕ್ಕೆ ಮರಳಿತು. ಅರಮನೆಯು ಇಂದಿನ ಸ್ವರೂಪವನ್ನು ಪಡೆದದ್ದು 1812-14ರಲ್ಲಿ ಲಿಂಗರಾಜೇಂದ್ರನು ಅದನ್ನು ನವೀಕರಿಸಿದಾಗ.

1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ರಾಜವಾಸವು ಕಚೇರಿಯಾಗತೊಡಗಿತು. ಕೋಟೆಯೊಳಗಿನ ವೀರಭದ್ರ ದೇವಾಲಯದ ಸ್ಥಳದಲ್ಲಿ ಆಂಗ್ಲಿಕನ್ ಚರ್ಚ್ ಎದ್ದಿತು. ಆ ಕಟ್ಟಡವೇ ಮುಂದೆ ಸರ್ಕಾರಿ ವಸ್ತುಸಂಗ್ರಹಾಲಯವಾಯಿತು. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ ಹಾಗೂ ಕಮಿಷನರರ ಕಾರು ನಿಲ್ಲಿಸಲು ಪೋರ್ಟಿಕೊ ಸೇರಿದವು. 1952ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಅದರ ವಿಧಾನಸಭೆಯು ಸೇರುತ್ತಿದ್ದುದೂ ಕೋಟೆಯಲ್ಲಿಯೇ. ವಿಲೀನದ ನಂತರ ಜಿಲ್ಲಾಡಳಿತದ ಕಚೇರಿಗಳು ಇಲ್ಲಿ ಬೇರೂರಿದವು.

ಅರಮನೆಯ ಅವನತಿಗೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಹವಾಮಾನ. ಸತತವಾದ ಮುಂಗಾರಿನಲ್ಲಿ ಹೆಂಚು ಸರಿದರೆ ತೊಲೆ ನೆನೆಯುತ್ತದೆ, ತೊಲೆ ಕುಸಿದರೆ ಗಾರೆಯ ಗೋಡೆ ನೀರು ಹೀರುತ್ತದೆ. ಎರಡನೆಯದು ಬಳಕೆ. ಕಚೇರಿಗಳ ಅಗತ್ಯಕ್ಕೆ ತಕ್ಕಂತೆ ಅಡ್ಡಗೋಡೆ, ವಿದ್ಯುತ್ ತಂತಿ, ಕಡತಗಳ ಭಾರ ಬೆಳೆದವು. ಆದರೆ ಇಲ್ಲೊಂದು ವೈರುಧ್ಯವೂ ಇದೆ. ಕಚೇರಿಯು ಕಟ್ಟಡವನ್ನು ಹಾಳುಗೆಡವಿದಂತೆಯೇ ಪ್ರತಿದಿನ ಬಾಗಿಲು ತೆರೆದು ಅದನ್ನು ಉಳಿಸಿಯೂ ಇತ್ತು. ಸೋರಿಕೆಯನ್ನು ಮೊದಲು ಕಾಣುವವನು ಒಳಗೆ ಕುಳಿತ ಗುಮಾಸ್ತನೇ. ಶಿಥಿಲತೆಯ ವಿಷಯವು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಹೈಕೋರ್ಟಿನ ಮುಂದೆ ಬಂದು, ಕಚೇರಿಗಳ ಸ್ಥಳಾಂತರ ಮತ್ತು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ದುರಸ್ತಿ ಕಾರ್ಯ ಚರ್ಚೆಗೆ ಒಳಗಾದಾಗ ಈ ವೈರುಧ್ಯವು ಸಾಕಷ್ಟು ಪರಿಶೀಲನೆಗೆ ಬರಲಿಲ್ಲ.

ವಿವಾದದ ತಿರುಳು ಹಣ ಅಥವಾ ವಿಳಂಬವಷ್ಟೇ ಅಲ್ಲ. ಯಾವ ಅರಮನೆಯನ್ನು ಉದ್ಧರಿಸಬೇಕು ಎಂಬುದು. ರಾಜಕಾಲದ ರೂಪವನ್ನು ಮಾತ್ರ ಅಸಲಿ ಎಂದು ಭಾವಿಸಿದರೆ ಗಡಿಯಾರ ಗೋಪುರವೂ ಸಭಾಂಗಣದ ನೆನಪೂ ಕಳೆಯಾಗಿ ಕಾಣುತ್ತವೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ನೂರು ವರ್ಷದ ಪ್ರಾಚೀನತೆಯನ್ನು ಮಾನದಂಡವಾಗಿಸುತ್ತದೆ. 1933ರ ಸೇರ್ಪಡೆಗೆ ಆ ವಯಸ್ಸು ತುಂಬುವುದು 2033ರಲ್ಲಿ. ವಿಧಾನಸಭೆಯ ಅಧ್ಯಾಯಕ್ಕೆ ಇನ್ನೂ ಎರಡು ದಶಕ ಬೇಕು. ವಯಸ್ಸನ್ನೇ ಮೌಲ್ಯವೆಂದು ಎಣಿಸಿದರೆ ಆಗುವ ನಷ್ಟಕ್ಕೆ ದೆಹಲಿಯ ಹಾಲ್ ಆಫ್ ನೇಷನ್ಸ್ ನಿದರ್ಶನ. 1972ರ ಆ ಕಾಂಕ್ರೀಟ್ ಕಟ್ಟಡಕ್ಕೆ ಅರವತ್ತು ವರ್ಷ ತುಂಬಿಲ್ಲವೆಂಬ ಕಾರಣಕ್ಕೆ ರಕ್ಷಣೆ ದೊರೆಯದೆ, 2017ರ ಏಪ್ರಿಲ್‌ನಲ್ಲಿ ಅದು ನೆಲಸಮವಾಯಿತು. ಇದಕ್ಕೆ ವ್ಯತಿರಿಕ್ತವಾಗಿ 1964ರ ವೆನಿಸ್ ಸನ್ನದು ಸ್ಮಾರಕವೊಂದಕ್ಕೆ ಎಲ್ಲ ಕಾಲಘಟ್ಟಗಳೂ ನೀಡಿದ ಸಾರ್ಥಕ ಕೊಡುಗೆಯನ್ನು ಗೌರವಿಸಬೇಕೆನ್ನುತ್ತದೆ.

ಮಡಿಕೇರಿಯಲ್ಲಿಯೇ ಇನ್ನೊಂದು ಮಾದರಿಯಿದೆ. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಬಹುಕಾಲ ಪ್ರಾದೇಶಿಕ ಸಾರಿಗೆ ಕಚೇರಿಯಾಗಿತ್ತು. ಅದನ್ನು ದುರಸ್ತಿಗೊಳಿಸಿ ರೂಪಿಸಿದ ಸ್ಮಾರಕ ವಸ್ತುಸಂಗ್ರಹಾಲಯವನ್ನು 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಒಬ್ಬ ವ್ಯಕ್ತಿಯ ಸ್ಮರಣೆಗೆ ಮೀಸಲಾದ ಮನೆಯಲ್ಲಿ ಕಚೇರಿಯ ಗುರುತನ್ನು ಅಳಿಸುವುದು ಸಮರ್ಥನೀಯ. ಆದರೆ ಅರಮನೆ ಒಬ್ಬರ ಸ್ಮಾರಕವಲ್ಲ. ರಾಜ, ವಸಾಹತು ಅಧಿಕಾರಿ, ಚುನಾಯಿತ ಪ್ರತಿನಿಧಿ, ಅರ್ಜಿ ಹಿಡಿದು ಮೆಟ್ಟಿಲೇರಿದ ರೈತ, ಎಲ್ಲರಿಗೂ ಅಲ್ಲಿ ಪಾಲಿದೆ. ಸನ್ನಿ ಸೈಡ್‌ನ ಮಾದರಿಯನ್ನು ಅಲ್ಲಿಗೆ ಯಥಾವತ್ ಅನ್ವಯಿಸಿದರೆ ಸುಂದರವಾದ ಆದರೆ ಮೂಕವಾದ ಕಟ್ಟಡವೊಂದು ದೊರೆತೀತು.

ಆದುದರಿಂದ ಅರಮನೆಯ ಜೀರ್ಣೋದ್ಧಾರವನ್ನು ಛಾವಣಿಯ ದುರಸ್ತಿಗೆ ಸೀಮಿತಗೊಳಿಸದೆ, ಪ್ರತಿ ಹಂತದ ಸೇರ್ಪಡೆಯನ್ನು ದಾಖಲಿಸಿ, ತೆಗೆಯುವುದಕ್ಕೂ ಉಳಿಸುವುದಕ್ಕೂ ಕಾರಣವನ್ನು ಬಹಿರಂಗಪಡಿಸುವುದು ಅವಶ್ಯಕ. ತೆರವಾದ ಕೋಣೆಗಳಿಗೆ ದಿನನಿತ್ಯದ ಬಳಕೆಯೊಂದು ನಿಶ್ಚಿತವಾಗಬೇಕು. ರಾಜರ ಕಾಲದಿಂದ ವಿಧಾನಸಭೆಯವರೆಗಿನ ದಾಖಲೆಗಳ ಪತ್ರಾಗಾರಕ್ಕಿಂತ ಸೂಕ್ತವಾದ ಬಳಕೆ ಬೇರೊಂದು ಇರಲಾರದು. ಜನರ ಓಡಾಟವಿಲ್ಲದ ಸ್ಮಾರಕವನ್ನು ಕೊಡಗಿನ ಮಳೆ ಬಹುಕಾಲ ಉಳಿಯಗೊಡದು.