ಮಣ್ಣೆತ್ತಿನ ಎತ್ತರದಲ್ಲಿ ಕ್ಯಾಮೆರಾ

ಜ್ಯೇಷ್ಠದ ಅಮಾವಾಸ್ಯೆ ಬಂತೆಂದರೆ ರಾಯಚೂರು ಸೀಮೆಯ ಮನೆಗಳಲ್ಲಿ ಮಣ್ಣೆತ್ತುಗಳು ಮೂಡುತ್ತವೆ. ಮಟಮಾರಿಯಂಥ ಊರಿನಲ್ಲಿ ಮಣ್ಣಿಗೇನು ಬರ? ಎರೆಮಣ್ಣು ಕಲಸಿ, ಜೋಡೆತ್ತು ಮಾಡಿ, ಮುಂದೊಂದು ಗ್ವಾದಲಿ ಇಟ್ಟರೆ ಹಬ್ಬ ತಯಾರು. ಅಂದು ಸಂಜೆಯೊಳಗೆ ಮೊಬೈಲುಗಳ ತುಂಬ ಅವುಗಳ ಫೋಟೊ. ಹೆಚ್ಚಿನವು ನಿಂತಿರುವ ದೊಡ್ಡವರು ಮೇಲಿನಿಂದ ಕೆಳಕ್ಕೆ ನೋಡಿ ತೆಗೆದವು. ಅರಿಶಿನ, ಕುಂಕುಮ, ಜಗಲಿ ಎಲ್ಲ ಕಾಣುತ್ತವೆ. ಎತ್ತು ಮಾತ್ರ ಬೊಂಬೆಯಾಗಿಯೇ ಉಳಿಯುತ್ತದೆ.

ಆಡುವ ಮಗು ಹಾಗೆ ನೋಡುವುದಿಲ್ಲ. ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡುತ್ತದೆ. ಆಗ ಗೇಣುದ್ದದ ಎತ್ತು ಬಾಗಿಲಿನಷ್ಟು ಎತ್ತರ. ಆಟಿಕೆಗಳನ್ನು ಪಾತ್ರಗಳಾಗಿ ಚಿತ್ರಿಸುವ ಛಾಯಾಗ್ರಾಹಕರೂ ಇದನ್ನೇ ಮಾಡುತ್ತಾರೆ: ಕ್ಯಾಮೆರಾವನ್ನು ನೆಲಕ್ಕಿಳಿಸುತ್ತಾರೆ, ಹಿನ್ನೆಲೆಯನ್ನು ಮಸುಕು ಮಾಡುತ್ತಾರೆ. ಅಷ್ಟಾದರೆ ಮಗುವಿನ ಕಲ್ಪನೆ ಸಿಕ್ಕಿತೆಂದು ನಾವು ನಂಬಿಬಿಡುತ್ತೇವೆ. ನನ್ನ ತಕರಾರು ಇರುವುದು ಇಲ್ಲಿ.

ಅಮೆರಿಕದ ಡೇವಿಡ್ ಲೆವಿಂತಾಲ್ ಮತ್ತು ಗ್ಯಾರಿ ಟ್ರುಡೋ 1977ರಲ್ಲಿ ತಂದ 'ಹಿಟ್ಲರ್ ಮೂವ್ಸ್ ಈಸ್ಟ್' ಪುಸ್ತಕದಲ್ಲಿ ಆಟಿಕೆ ಸೈನಿಕರು ನಿಜವಾದ ಯುದ್ಧದಲ್ಲಿದ್ದಂತೆ ಕಾಣುತ್ತಾರೆ. ಚಿತ್ರಗಳು ಅದ್ಭುತವಾಗಿವೆ. ಆದರೆ ಅಲ್ಲಿರುವುದು ಯುದ್ಧದ ಫೋಟೊಗಳನ್ನು ನೋಡಿ ಬೆಳೆದ ದೊಡ್ಡವರ ನೆನಪು. ಬ್ರಯಾನ್ ಮೆಕಾರ್ಟಿ ಅವರ 'ವಾರ್-ಟಾಯ್ಸ್' ದಾರಿಯೇ ಬೇರೆ. ಗಾಜಾ, ಪಶ್ಚಿಮ ದಂಡೆ, ಇಸ್ರೇಲ್‌ಗಳಲ್ಲಿ ಕಲಾಚಿಕಿತ್ಸಕರ ನೆರವಿನಿಂದ ಮಕ್ಕಳು ತಾವು ಕಂಡದ್ದನ್ನು ಬರೆಯುತ್ತಾರೆ. ಆ ಚಿತ್ರವೇ ಮೆಕಾರ್ಟಿಗೆ ಕಥೆ. ಅಲ್ಲಿಯೇ ಸಿಗುವ ಆಟಿಕೆಗಳನ್ನು ಅಲ್ಲಿಯದೇ ನೆಲದ ಮೇಲೆ ಇಟ್ಟು ಫೋಟೊ ತೆಗೆಯುತ್ತಾರೆ. ನೊಂದ ಮಗುವಿನ ಮುಖವನ್ನು ತೋರಿಸಬೇಕಾಗಿಯೇ ಇಲ್ಲ. ಇದು ಸಣ್ಣ ಮಾತಲ್ಲ.

ಹಾಗಿದ್ದೂ ಒಂದು ಕೊರತೆ ಉಳಿಯುತ್ತದೆ. ಮಗು ಬರೆದ ಚಿತ್ರದಲ್ಲಿ ಭಯ ಹುಟ್ಟಿಸುವುದು ದೊಡ್ಡದಾಗಿರುತ್ತದೆ, ದೂರವಿದ್ದರೂ. ಲೆನ್ಸಿಗೆ ಈ ಲೆಕ್ಕ ಗೊತ್ತಿಲ್ಲ. ಅದು ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡುತ್ತದೆ.

ನಮ್ಮ ಕಡೆಗೆ ಬರೋಣ. ಚನ್ನಪಟ್ಟಣದ ಅರಗಿನ ಬೊಂಬೆಗಳ ಫೋಟೊಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಳಿ ಹಿನ್ನೆಲೆಯಲ್ಲಿ ಹೊಳೆಯುತ್ತ ನಿಂತಿರುತ್ತವೆ, ಮಾರಾಟಕ್ಕೆ. ಮಣ್ಣೆತ್ತಿನ ಪ್ರಶ್ನೆ ಅದಕ್ಕಿಂತ ತೊಡಕಿನದು. ಟ್ರ್ಯಾಕ್ಟರ್ ಬಂದ ಮೇಲೆ, ಕೊಟ್ಟಿಗೆಯಲ್ಲಿ ಎತ್ತಿಲ್ಲದ ಮನೆಗಳ ಜಗಲಿಯಲ್ಲೂ ಮಣ್ಣೆತ್ತು ಕೂರುತ್ತವೆ. ಆ ಮನೆಯ ಮಗುವಿಗೆ ಇದು ಯಾವ ಎತ್ತಿನ ನಕಲು? ಅದು ಎತ್ತನ್ನು ತಳ್ಳುತ್ತ 'ಡುರ್ರ್' ಎನ್ನಬಹುದು, ರಿವರ್ಸ್ ಗೇರಿನಲ್ಲಿ ಹಿಂದಕ್ಕೂ ಎಳೆಯಬಹುದು. ಕೋಡು ಮುರಿದದ್ದನ್ನೇ ನಾಯಕನನ್ನಾಗಿ ಮಾಡಬಹುದು. ಪೂಜೆಯ ಫೋಟೊದಲ್ಲಿ ಅಂಥ ಎತ್ತಿಗೆ ಜಾಗವಿಲ್ಲ.

ಅದೇ ಎತ್ತನ್ನು ಎರೆಹೊಲದ ಬದುವಿನಲ್ಲಿ, ಮುಳುಗುವ ಸೂರ್ಯನೆದುರು, ಕೆಳಗಿನಿಂದ ತೆಗೆದರೆ ಸೊಗಸಾದ ಫೋಟೊ ಬರುತ್ತದೆ. ಬಹುಮಾನವೂ ಬರಬಹುದು. ಆದರೆ ಅದರಲ್ಲಿರುವುದು ಎತ್ತು ಕಳೆದುಕೊಂಡ ಅಪ್ಪನ ಹಳಹಳಿ. ಮಗನನ್ನು ಕೇಳಿದ್ದರೆ ಅವನು ಮೊದಲು ಡೀಸೆಲ್ ಹಾಕಿಸಲು ಹೇಳುತ್ತಿದ್ದನೇನೋ. ಆ ಡೀಸೆಲ್ ಬಂಕಿಗೆ ಬೆಂಕಿಪೊಟ್ಟಣ ಸಾಕೇ, ಇಟ್ಟಿಗೆ ಬೇಕೇ ಎನ್ನುವುದನ್ನೂ ಅವನೇ ಹೇಳಬೇಕು. ಛಾಯಾಗ್ರಾಹಕ ಅಲ್ಲಿಯವರೆಗೆ ನೆಲದ ಮೇಲೆ ಮಲಗಿ ಕಾಯಬೇಕು.