ಎರಡು ನೆನಪುಗಳ ನಡುವೆ: ‘ಟೆಲ್ ಮಿ ವೈ’ ವಿಡಿಯೋ ಆಟದ ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ಯೋಸೇಫನನ್ನು ಅವನ ಅಣ್ಣಂದಿರು ಗುಂಡಿಗೆ ಹಾಕಿದ ವೃತ್ತಾಂತವನ್ನು ಆದಿಕಾಂಡ 37ರಲ್ಲಿ ಓದುವಾಗ ಅವನ ಮೊರೆ ನಮಗೆ ಕೇಳಿಸುವುದಿಲ್ಲ. ಅದು ಕೇಳಿಸುವುದು ಬಹುಕಾಲದ ನಂತರ, ಐಗುಪ್ತದಲ್ಲಿ, ಆ ಅಣ್ಣಂದಿರದೇ ಬಾಯಲ್ಲಿ (42:21). ಒಂದೇ ಘಟನೆಯನ್ನು ಒಡಹುಟ್ಟಿದವರು ಹೇಗೆ ಹೊತ್ತು ತಿರುಗುತ್ತಾರೆಂಬ ಈ ಪ್ರಶ್ನೆಯನ್ನು ಫ್ರಾನ್ಸಿನ ಡೋಂಟ್‌ನಾಡ್ ಸಂಸ್ಥೆಯು 2020ರಲ್ಲಿ ಮೂರು ಅಧ್ಯಾಯಗಳಾಗಿ ಹೊರತಂದ ‘ಟೆಲ್ ಮಿ ವೈ’ ಎಂಬ ವಿಡಿಯೋ ಆಟವು ಗಂಭೀರವಾಗಿ ಎತ್ತಿಕೊಂಡಿದೆ. ನಮ್ಮ ಸಭೆಗಳ ಯುವಜನರು ಇಂಥ ಆಟಗಳನ್ನು ಆಡುತ್ತಿರುವಾಗ, ಅದನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವುದು ನಮಗೆ ಉಚಿತವಲ್ಲ.

ಆಟದ ಕಥೆ ನಡೆಯುವುದು ಅಲಾಸ್ಕಾದ ಒಂದು ಕಾಲ್ಪನಿಕ ಊರಿನಲ್ಲಿ. ಟೈಲರ್ ಮತ್ತು ಆಲಿಸನ್ ಅವಳಿ ಮಕ್ಕಳು. ಹುಟ್ಟಿದಾಗ ಹೆಣ್ಣೆಂದು ಗುರುತಿಸಲ್ಪಟ್ಟ ಟೈಲರ್ ಈಗ ಗಂಡಸಾಗಿ ಬಾಳುತ್ತಿದ್ದಾನೆ. ಬಾಲ್ಯದ ಒಂದು ರಾತ್ರಿ ತಾಯಿ ಮೇರಿ ಆ್ಯನ್ ಸಾವಿಗೀಡಾಗುತ್ತಾಳೆ. ಆ ಹೊಣೆಯನ್ನು ಟೈಲರ್ ಹೊರುತ್ತಾನೆ. ಹತ್ತು ವರ್ಷಗಳ ಅಗಲಿಕೆಯ ನಂತರ, ಹಳೆಯ ಮನೆಯನ್ನು ಮಾರುವ ಸಲುವಾಗಿ ಇಬ್ಬರೂ ಒಂದುಗೂಡುತ್ತಾರೆ. ಅಲ್ಲಿ ಕಳೆದುಹೋದ ದಿನಗಳು ಅವರ ಕಣ್ಣೆದುರು ನೆರಳುಗಳಂತೆ ಮತ್ತೆ ನಡೆಯುತ್ತವೆ. ಆದರೆ ಕೆಲವೆಡೆ ಅಣ್ಣ ಕಂಡದ್ದು ಬೇರೆ, ತಂಗಿ ಕಂಡದ್ದು ಬೇರೆ. ಯಾರ ನೆನಪನ್ನು ನಂಬಬೇಕೆಂದು ಆಡುವವನೇ ತೀರ್ಮಾನಿಸಬೇಕು. ಆ ತೀರ್ಮಾನ ಅವರ ಬಾಂಧವ್ಯವನ್ನು ಬಿಗಿಗೊಳಿಸುತ್ತದೆ ಅಥವಾ ಸಡಿಲಿಸುತ್ತದೆ.

ಈ ರಚನೆಯಲ್ಲಿ ಆಟದ ನಿಜವಾದ ಸಾಮರ್ಥ್ಯವಿದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಭಯವೂ ದುಃಖವೂ ನೆನಪನ್ನು ತಿದ್ದಿವೆ, ಅಷ್ಟೆ. ನಾವು ಈಗ ಕಾಣುವುದು ಮಸುಕಾದ ಕನ್ನಡಿಯಲ್ಲಿ ಮಾತ್ರ ಎಂಬ ಪೌಲನ ಬೋಧನೆಯನ್ನು (1 ಕೊರಿಂಥ 13:12) ನಮ್ಮ ಸ್ವಂತ ಬಾಲ್ಯಕ್ಕೆ ಅನ್ವಯಿಸಿಕೊಳ್ಳುವವರು ಎಷ್ಟು ಮಂದಿ?

ಆದರೂ ಎರಡು ವಿಷಯಗಳಲ್ಲಿ ನಮ್ಮ ಆಕ್ಷೇಪಣೆಯಿದೆ. ಮೊದಲನೆಯದು ಸತ್ಯವನ್ನು ಕುರಿತದ್ದು. ಮೃತಳಾದ ತಾಯಿ ತನ್ನ ಪರವಾಗಿ ಮಾತನಾಡಲಾರಳು; ಆಕೆ ಎಂಥವಳಾಗಿದ್ದಳೆಂಬುದು ಬದುಕುಳಿದವರ ಅನುಕೂಲದ ಆಯ್ಕೆಯಾಗಿಬಿಡುತ್ತದೆ. ಕ್ರೈಸ್ತ ವಿಶ್ವಾಸದ ಪ್ರಕಾರವಾದರೋ, ಗತಕಾಲವು ನಮ್ಮ ಒಪ್ಪಂದದ ವಸ್ತುವಲ್ಲ. ಅದು ದೇವರ ಮುಂದೆ ಇದ್ದಹಾಗೆಯೇ ಇದೆ, ಸತ್ತವರೂ ಆತನ ನ್ಯಾಯಕ್ಕೆ ಬಾಧ್ಯಸ್ಥರು.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಇರಿದವಳು ವಾಸ್ತವವಾಗಿ ಆಲಿಸನ್. ಅದೂ ಅಣ್ಣನನ್ನು ಉಳಿಸುವುದಕ್ಕಾಗಿ. ಟೈಲರ್ ಅವಳ ಬದಲಾಗಿ ದೋಷ ಹೊತ್ತನೆಂದು ತಿಳಿದಾಗ, ಅವನಲ್ಲಿ ಕ್ರಿಸ್ತನ ಛಾಯೆಯನ್ನು ಕಾಣಲು ಬೋಧಕನ ಮನಸ್ಸು ಆತುರಪಡುತ್ತದೆ. ಆ ಆತುರವನ್ನು ನಾವು ತಡೆದುಕೊಳ್ಳಬೇಕು. ಮುಚ್ಚಿಟ್ಟ ಆ ತ್ಯಾಗವು ತಂಗಿಯನ್ನು ವಿಚಾರಣೆಯಿಂದ ಪಾರುಮಾಡಿತೇ ಹೊರತು ಅಪರಾಧಪ್ರಜ್ಞೆಯಿಂದ ಬಿಡಿಸಲಿಲ್ಲ. ಬೆನ್ಯಾಮೀನನಿಗೆ ಬದಲಾಗಿ ತನ್ನನ್ನೇ ಒಪ್ಪಿಸಿಕೊಂಡ ಯೆಹೂದನು (ಆದಿಕಾಂಡ 44:33) ಎಲ್ಲರೆದುರು ಬಾಯಿಬಿಟ್ಟು ಮಾತನಾಡಿದನು. ಶಿಲುಬೆಯಾದರೂ ಪಾಪವನ್ನು ಹೊರುವಾಗಲೇ ಅದನ್ನು ಬಯಲುಮಾಡುತ್ತದೆ.

ಹಾಗಾದರೆ ನೆನಪುಗಳು ಒಂದಾಗುವ ತನಕ ಸಮಾಧಾನವು ಕಾಯಬೇಕೇ? ಯಾಕೋಬನು ತೀರಿಕೊಂಡ ಮೇಲೆ ಅಣ್ಣಂದಿರು ತಂದೆಯ ಅಪ್ಪಣೆಯೆಂದು ಒಂದು ಮಾತನ್ನು ಯೋಸೇಫನಿಗೆ ಹೇಳಿಕಳುಹಿಸುತ್ತಾರೆ (50:16-17). ಯಾಕೋಬನು ಹಾಗೆ ಹೇಳಿದ್ದು ವೃತ್ತಾಂತದಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಯೋಸೇಫನು ಸಾಕ್ಷಿ ಕೇಳಲಿಲ್ಲ, ಅತ್ತನು. ಆದರೆ ಅವರು ಕೇಡನ್ನೇ ಉದ್ದೇಶಿಸಿದ್ದರೆಂಬುದನ್ನು ಮರೆಮಾಚಲೂ ಇಲ್ಲ (50:20).

ತಂದೆತಾಯಿಗಳ ಉತ್ತರಕ್ರಿಯೆ ಮುಗಿಯುತ್ತಲೇ ಮನೆ-ಜಮೀನಿನ ನೆಪದಲ್ಲಿ ಹಳೆಯ ಗಾಯಗಳನ್ನು ಕೆದಕಿಕೊಂಡು, ಒಂದೇ ಕರ್ತನ ಮೇಜಿಗೆ ಬೇರೆ ಬೇರೆ ಸಾಲಿನಲ್ಲಿ ಬರುವ ಒಡಹುಟ್ಟಿದವರನ್ನು ನಮ್ಮಲ್ಲಿ ಯಾವ ಸಭಾಪಾಲಕನು ಕಂಡಿಲ್ಲ? ಯಾರ ನೆನಪು ಸರಿಯೆಂದು ತೀರ್ಪು ಕೊಡುವ ಗುಂಡಿ ನಮ್ಮ ಕೈಯಲ್ಲಿಲ್ಲ. ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳುವ ಕಿವಿಯನ್ನು ಮಾತ್ರ ನಾವು ಕೊಡಬಲ್ಲೆವು. ಆ ತಾಳ್ಮೆಯ ಅಭ್ಯಾಸಕ್ಕೆ ಈ ಆಟವು, ಅದರ ಕೊರತೆಗಳ ಸಮೇತ, ಸಹಾಯಕವೆಂದೇ ನಮ್ಮ ಅಭಿಪ್ರಾಯ.